ಬಾಗಿಲಿಗೆ ಮುಖ ಮಾಡಿದ ಬೂಟುಗಳು

ಟಕ್.

ಒಂದೇ ಸಲ. ಕಬ್ಬಿಣ ಕಲ್ಲಿಗೆ ತಾಗಿದಂಥ ಸಣ್ಣ ಸದ್ದು.

ಸ್ನೇಹಾ ಕಣ್ಣು ಬಿಟ್ಟಳು. ನಡುರಾತ್ರಿ ದಾಟಿತ್ತು. ದೂರದಲ್ಲಿ ಅಕ್ಕಿ ಗಿರಣಿ ಗುಂಯ್‌ಗುಡುತ್ತಿತ್ತು, ಮನೆ ಹಿಂದೆ ಕಾಲುವೆ ನೀರು ಹರಿಯುತ್ತಿತ್ತು. ಕಂಪ್ಲಿಯಲ್ಲಿ ಹುಟ್ಟಿ ಬೆಳೆದವರ ಕಿವಿಗೆ ಇವೆರಡೂ ಬೀಳುವುದೇ ಇಲ್ಲ. ಈಗ ಬಿದ್ದದ್ದು ಮನೆಯೊಳಗಿನ ಸದ್ದು, ಪಡಸಾಲೆಯ ಕಡಪ ಕಲ್ಲಿನ ಮೇಲಿನದು. ತಾನು ಚಾಪೆ ಹಾಸಿ ಮಲಗಿದ ಜಾಗದಿಂದ ನಾಲ್ಕು ಮೊಳವೂ ಇಲ್ಲ.

ಇನ್ನೊಮ್ಮೆ ಬರಲಿ ಎಂದು ಉಸಿರು ಹಿಡಿದು ಕಾದಳು. ಬರಲಿಲ್ಲ. ಮಲಗುವ ಮುಂಚೆ ಗ್ಯಾಸಿನ ತಿರುಪನ್ನು ಎರಡು ಸಲ, ಬಾಗಿಲ ಅಗಳಿಯನ್ನು ಮೂರು ಸಲ ಮುಟ್ಟಿ ನೋಡುವ ಹೆಣ್ಣು ಅವಳು. ಆದರೂ ಎದ್ದು ದೀಪ ಹಾಕುವ ಧೈರ್ಯ ಬರಲಿಲ್ಲ. ಅಪ್ಪ ಅಂಜಿನಯ್ಯ ಗಿರಣಿಯ ಬಾಯ್ಲರ್ ಮುಂದೆ ರಾತ್ರಿ ಪಾಳಿಯಲ್ಲಿದ್ದ. ಒಳಮನೆಯಲ್ಲಿ ಅಜ್ಜಿ ತಾಯಕ್ಕ ಗೊರಕೆ ಹೊಡೆಯುತ್ತಿದ್ದಳು. ಪಕ್ಕದ ಮಂಚದ ಮೇಲೆ ತಂಗಿ ಗಂಗೋತ್ರಿ, ಪ್ಲಾಸ್ಟರ್ ಹಾಕಿದ ಎಡಗಾಲನ್ನು ದಿಂಬಿನ ಮೇಲಿಟ್ಟುಕೊಂಡು ನಿದ್ದೆಯಲ್ಲಿದ್ದಳು. ಅವಳ ಬಲಗಾಲು ಮಾತ್ರ ಹೊದಿಕೆಯೊಳಗೆ ಒಮ್ಮೆ ಮೆಲ್ಲಗೆ ಅಲುಗಿತು, ಆ ಸದ್ದಿಗೆ ಓಗೊಟ್ಟ ಹಾಗೆ.

ಬೆಳಗ್ಗೆ ನೋಡಿದರೆ, ಮಂಚದ ಕೆಳಗೆ ಚೀಲದಲ್ಲಿ ಇಟ್ಟಿದ್ದ ಗಂಗೋತ್ರಿಯ ಕರಿ ಬೂಟುಗಳು ಹೊರಗೆ ಬಂದಿದ್ದವು. ಮಂಚದ ಪಕ್ಕದ ಮೊದಲನೇ ಕಡಪ ಕಲ್ಲಿನ ಮೇಲೆ ಹಿಮ್ಮಡಿ ಕೂಡಿಸಿ ನಿಂತಿದ್ದವು. ಮುಖ ಬೀದಿ ಬಾಗಿಲ ಕಡೆಗಿತ್ತು.

"ಅಜ್ಜಿ, ನನ್ನ ಬೂಟು ನೀನೇನಾರ ಹಾಕ್ಕೊಂಡು ಪರೇಡ್ ಮಾಡಿದೇನ ರಾತ್ರಿ?" ಎಂದಳು ಗಂಗೋತ್ರಿ.

"ನಿನ್ನ ಎತ್ತಿನ ಗೊರಸಿನ ಬೂಟು ನನಗೆಲ್ಲಿ ಹಿಡಿತಾವ ಲೇ," ಎಂದಳು ತಾಯಕ್ಕ. "ನೀನಾ ಕುಂಟಿಕೊಂಡು ಹೋಗಿ ಇಟ್ಟು ಮರ್ತೀ."

ಇಬ್ಬರೂ ನಕ್ಕರು. ಸ್ನೇಹಾ ನಗಲಿಲ್ಲ. ಹಿಂದಿನ ದಿನ ಹಿರಿಯರ ಹಬ್ಬದಲ್ಲಿ ಆದದ್ದು ಅವಳೊಬ್ಬಳಿಗೇ ಗೊತ್ತಿತ್ತು.

ಗಂಗೋತ್ರಿ ಸೇನೆಯ ಅಧಿಕಾರಿಗಳನ್ನು ತಯಾರು ಮಾಡುವ ಅಕಾಡೆಮಿಯ ಕೆಡೆಟ್. ಎರಡು ರೈಲು ಬದಲಿಸಿ ಹೋಗಬೇಕಾದ ಊರು ಅದು. ಸ್ವಾತಂತ್ರ್ಯ ಬಂದ ಹೊಸದರಲ್ಲಿ ಕಟ್ಟಿದ್ದು, ಗುಡ್ಡಗಳ ನಡುವಿನ ಕಲ್ಲಿನ ಕಟ್ಟಡ. ಎಷ್ಟೋ ದಶಕ ಬರೀ ಗಂಡುಹುಡುಗರದೇ ಆಗಿತ್ತು, ಹೆಣ್ಣುಮಕ್ಕಳು ಒಳಗೆ ಕಾಲಿಟ್ಟು ಕೆಲವೇ ವರ್ಷಗಳಾಗಿದ್ದವು. ಬೆಳಗಿನ ನಾಲ್ಕಕ್ಕೆ ಎದ್ದು ಓಟ, ಕವಾಯತು, ಕುದುರೆ, ಈಜು, ಅದರ ನಡುವೆ ಡಿಗ್ರಿ ಪಾಠ. ಹೊಳೆ ದಂಡೆಯಲ್ಲಿ ಹುಟ್ಟಿಯೂ ಈಜು ಬಾರದೆ ಗಂಗೋತ್ರಿ ಒಂದು ಟರ್ಮ್ ಹಿಂದೆ ಬಿದ್ದಿದ್ದಳು. ಹಾಗೆ ಎರಡನೇ ಸಲ ಹಿಂದೆ ಬಿದ್ದವರನ್ನು ಮನೆಗೆ ಕಳಿಸುತ್ತಾರೆ. ಅಂಥದ್ದರಲ್ಲಿ ಓಡಿ ಓಡಿ ಮೊಣಕಾಲ ಕೆಳಗಿನ ಎಲುಬಿನಲ್ಲಿ ಕೂದಲೆಳೆಯಷ್ಟು ಬಿರುಕು ಬಂತು. ಆರು ವಾರದ ರಜೆ ಕೊಟ್ಟು ಕಳಿಸಿದ್ದರು. ವಿಜಯದಶಮಿಯ ಮಾರನೇ ದಿನ ಮಿಲಿಟರಿ ಡಾಕ್ಟರರ ಬೋರ್ಡಿನ ಮುಂದೆ ನಿಂತು ಕಾಲು ಸರಿಯಾಗಿದೆ ಎಂದು ತೋರಿಸಬೇಕು. ಇಲ್ಲವಾದರೆ ಎಲ್ಲ ಮುಗಿದಂತೆ.

ಹಬ್ಬಕ್ಕೆ ಮೂರು ದಿನ ಮುಂಚೆ ಹೊಸಪೇಟೆಯಲ್ಲಿ ಎಕ್ಸ್‌ರೇ ತೆಗೆಸಿದಾಗ ಡಾಕ್ಟರ್ ಮಲ್ಲಿಕಾರ್ಜುನ್ ತಲೆ ಅಲ್ಲಾಡಿಸಿದ್ದರು. "ಇನ್ನೂ ಕೂಡಿಲ್ಲ ನೋಡವ್ವ. ಇನ್ನೆರಡು ತಿಂಗಳು ಕೇಳ್ಕೋ ಅವರ ಹತ್ರ."

ಗಂಗೋತ್ರಿ ಅಳಲಿಲ್ಲ. ಮನೆಗೆ ಬಂದು ಬೂಟು ತೆಗೆದು ಪಾಲಿಶ್ ಮಾಡುತ್ತ ಕುಳಿತಳು. ಬಟ್ಟೆಯ ತುದಿಯನ್ನು ಬೆರಳಿಗೆ ಸುತ್ತಿ, ಹನಿ ನೀರು ಹಚ್ಚಿ, ಸಣ್ಣ ಸಣ್ಣ ಸುತ್ತು. ಬೂಟಿನ ಮೂತಿಯಲ್ಲಿ ಮುಖ ಕಾಣುವ ತನಕ.

"ಇವನ್ನ ಅಲ್ಲಿಂದ ಹೊರಗ ತರಬಾರದು ಅಕ್ಕ," ಎಂದು ಅವತ್ತು ಹೇಳಿದ್ದಳು. "ಆರು ವಾರ ಕೈ ತಾಗದಿದ್ರ ಹೊಳಪು ಸಾಯ್ತೈತಿ ಅಂತ ಕದ್ದು ತಂದೆ."

"ನಿಂದೇ ಅಲ್ಲೇನ?"

"ನಂದೂ ಹೌದು." ಬೂಟಿನ ಒಳಮೈಯನ್ನು ದೀಪಕ್ಕೆ ತಿರುಗಿಸಿ ತೋರಿಸಿದಳು. ತೊಗಲಿನ ಮೇಲೆ ಶಾಯಿಯಲ್ಲಿ ಒಂದರ ಕೆಳಗೊಂದು ಹನ್ನೊಂದು ನಂಬರುಗಳು. "ಪಾಸಾಗಿ ಹೋಗೋ ಸೀನಿಯರ್ ತನ್ನ ಬೂಟು ಜೂನಿಯರ್‌ಗೆ ಕೊಟ್ಟು ಹೋಗ್ತಾನ. ಅಟ್ಟೆ ಆರು ಸಲ ಬದಲಾಗೈತಿ, ಹಿಮ್ಮಡಿ ಲಾಳ ಎಷ್ಟು ಸಲನೋ. ಮ್ಯಾಲಿನ ತೊಗಲು ಮಾತ್ರ ಮೊದಲನೇ ಅವನ್ದು. ಹುಡುಗೀರಾಗ ಇಷ್ಟು ದೊಡ್ಡ ಪಾದ ನನಗೊಬ್ಬಾಕಿಗೇ ಇತ್ತು ಅಂತ ನನಗ ಬಂತು."

ಹನ್ನೊಂದರಲ್ಲಿ ಒಂಬತ್ತು ನಂಬರುಗಳ ಮೇಲೆ ಅಡ್ಡಗೆರೆ ಎಳೆದಿತ್ತು. ಕೊನೆಯದು ಗಂಗೋತ್ರಿಯದು, ಗೆರೆ ಇರಲಿಲ್ಲ. ಎಲ್ಲಕ್ಕಿಂತ ಮೇಲಿನದಕ್ಕೂ ಇರಲಿಲ್ಲ.

"ಪಾಸಾಗೋ ದಿನ ಎಲ್ಲಾರೂ ನಿಧಾನ ಹೆಜ್ಜೆ ಹಾಕ್ಕೊಂತ ಒಂದು ಕಲ್ಲಿನ ಗೆರೆ ದಾಟತಾರ. ಅಂತಿಮ್ ಪಗ್ ಅಂತಾರ ಅದಕ್ಕ, ಕೊನೇ ಹೆಜ್ಜೆ. ದಾಟಿದ ಮ್ಯಾಲೆ ನಂಬರಿಗೆ ಗೆರೆ ಎಳೀತಾರ. ಈ ಮ್ಯಾಲಿನ ನಂಬರಿನವನು ದಾಟಲಿಲ್ಲ. ಪಾಸಾಗಾಕ ಇಪ್ಪತ್ತು ದಿನ ಇತ್ತಂತ. ರಾತ್ರಿ ನಕಾಶೆ ಹಿಡಿದು ಗುಡ್ಡ ದಾಟೋ ಅಭ್ಯಾಸದಾಗ ಕೊಳ್ಳಕ್ಕ ಜಾರಿದ. ಮೂರು ದಿನಕ್ಕ ಸಿಕ್ಕ. ನೀರಿನ ಬಾಟಲಿ ಖಾಲಿ ಇತ್ತಂತ."

"ಹೆಸರೇನು?"

"ಯಾರಿಗೆ ಗೊತ್ತು. ನಂಬರ್ ಅಷ್ಟಾ. ಪಾಲಿಶ್ ಸರಿ ಮಾಡಲಿಲ್ಲ ಅಂದ್ರ ರಾತ್ರಿ ಬಂದು ಡ್ರಿಲ್ ಮಾಡಿಸ್ತಾನ ಅಂತ ಸೀನಿಯರ್‌ಗಳು ಹೆದರಿಸ್ತಾರ." ಗಂಗೋತ್ರಿ ನಕ್ಕು ಬೂಟುಗಳನ್ನು ಬಟ್ಟೆಯ ಚೀಲಕ್ಕೆ ತುರುಕಿದ್ದಳು.

ಅಂಥದೇ ಇನ್ನೊಂದು ಚೀಲ ಮನೆಯಲ್ಲಿತ್ತು. ತಾತ ಮೂವತ್ತು ವರ್ಷ ಸಂಡೂರಿನ ಗಣಿಯಲ್ಲಿ ದುಡಿದವನು. ಅವನ ಬೂಟುಗಳಲ್ಲಿ ಕೂತಿದ್ದ ಅದಿರಿನ ಕೆಂಧೂಳು ಎಷ್ಟು ತೊಳೆದರೂ ಹೋಗಿರಲಿಲ್ಲ. ಹಿರಿಯರ ಹಬ್ಬದ ದಿನ ಈ ಮನೆಯಲ್ಲಿ ಸತ್ತವರ ಮುಂದೆ ಎಡೆ ಇಡುವಾಗ ಅವರು ಬಳಸುತ್ತಿದ್ದ ಒಂದೊಂದು ವಸ್ತುವನ್ನೂ ಇಡುತ್ತಾರೆ. ಅವ್ವನ ಎಡೆಯ ಮುಂದೆ ಅವಳ ಹಸಿರು ಸೀರೆ. ತಾತನ ಎಡೆಯ ಮುಂದೆ ಗಣಿ ಬೂಟು. ಆಮೇಲೆ ಎಲ್ಲರೂ ಹೊರಗೆ ಬಂದು, ಕರೆದು, ಬಾಗಿಲು ಮುಚ್ಚುತ್ತಾರೆ. ಒಂದು ಎಲೆ ಅಡಿಕೆ ಜಗಿಯುವಷ್ಟು ಹೊತ್ತು ಒಳಗೆ ಯಾರೂ ಹೋಗುವಂತಿಲ್ಲ.

ಆ ದಿನ ಕರೆಂಟ್ ಹೋಗಿತ್ತು. ಒಲೆ ಮೇಲೆ ಹೋಳಿಗೆ ಸೀಯುತ್ತಿತ್ತು. "ನಿಮ್ಮ ತಾತನ ಬೂಟು ತಾ ಜಲ್ದಿ," ಎಂದು ಅಜ್ಜಿ ಕೂಗಿದಾಗ ಸ್ನೇಹಾ ಕೈಗೆ ಸಿಕ್ಕ ಚೀಲ ಕೊಟ್ಟಳು. ಪೊರೆ ಬಂದ ಕಣ್ಣಿನ ಅಜ್ಜಿ ತಡವರಿಸಿ ಬೂಟು ತೆಗೆದು ಇಟ್ಟಳು. ಬಾಗಿಲು ಮುಚ್ಚುತ್ತಿರುವಾಗ, ಹಣತೆಯ ಬೆಳಕು ಬೂಟಿನ ಮೂತಿಯ ಮೇಲೆ ಮಿಂಚಿದ್ದನ್ನು ಸ್ನೇಹಾ ಕಂಡಳು. ಗಣಿ ಬೂಟು ಎಂದೂ ಮಿಂಚುವುದಿಲ್ಲ.

ಹೇಳಬೇಕಿತ್ತು. ಬಾಯಿ ತೆರೆದಳು ಕೂಡ. ಆದರೆ ಅಷ್ಟರಲ್ಲಿ ಅಜ್ಜಿ ಸೆರಗು ಹೊದ್ದು ಕರೆಯಲು ಶುರು ಮಾಡಿದ್ದಳು.

ತನ್ನ ಮಗಳನ್ನು, ಈ ಹುಡುಗಿಯರ ಅವ್ವನನ್ನು, ಹೆಸರು ಹಿಡಿದೇ ಕರೆದಳು. ಗಂಡನನ್ನು ಕರೆಯುವಾಗ ಮಾತ್ರ ಎಂದಿನಂತೆ ಹೆಸರು ನುಂಗಿದಳು. ಕಟ್ಟಿಕೊಂಡ ಗಂಡನ ಹೆಸರನ್ನು ತಾಯಕ್ಕ ಅವನು ಬದುಕಿದ್ದಾಗಲೂ ಹೇಳಿದವಳಲ್ಲ, ಸತ್ತ ಮೇಲೂ ಹೇಳಿದವಳಲ್ಲ. ವರ್ಷ ವರ್ಷವೂ ಅವಳು ಕರೆಯುವುದು ಒಂದೇ ರೀತಿ: "ಈ ಬೂಟಿನವ್ರು ಬರ್ರಿ. ದಣಿದು ಬಂದೀರಿ. ಕುಂದ್ರಿ, ಉಣ್ರಿ."

ಬಾಗಿಲು ತೆರೆದಾಗ ಬೂಟಿನ ಮುಂದಿನ ಎಲೆಯಲ್ಲಿ ಹೋಳಿಗೆ ಹಾಗೇ ಇತ್ತು. ಅನ್ನವೂ ಹಾಗೇ ಇತ್ತು. ಪಕ್ಕದ ಲೋಟದಲ್ಲಿ ತುಂಬಿಟ್ಟಿದ್ದ ನೀರು ಒಂದು ಹನಿಯೂ ಇರಲಿಲ್ಲ.

"ನೀರು ಕುಡುದಾರ ನೋಡು," ಎಂದು ಅಜ್ಜಿ ಕಣ್ಣೊರೆಸಿಕೊಂಡಳು. "ಗಣಿಯಿಂದ ಬಂದಾಗೂ ಹಿಂಗಾ. ಮೊದಲು ನೀರು."

ಯಾರೂ ನೋಡದಾಗ ಸ್ನೇಹಾ ಬೂಟು ಬದಲಿಸಿದಳು. ಅಲ್ಲೇ ಇನ್ನೊಂದು ತಪ್ಪಾಯಿತು, ಅದು ಅವಳಿಗೆ ಹೊಳೆದದ್ದು ಆಮೇಲೆ. ಸಂಜೆ ಅಜ್ಜಿ ಹೊಸ್ತಿಲಿಗೆ ನೀರು ಹಾಕಿ "ಈ ಬೂಟಿನವ್ರು ಹೋಗಿ ಬರ್ರಿ" ಎಂದು ಬೀಳ್ಕೊಟ್ಟಾಗ, ಅವಳ ಕೈಯಲ್ಲಿದ್ದದ್ದು ತಾತನ ಕೆಂಪು ಬೂಟು. ಉಂಡು ಹೋಗಲು ಕರೆದದ್ದು ಒಬ್ಬರನ್ನು, ಕಳಿಸಿದ್ದು ಇನ್ನೊಬ್ಬರನ್ನು.

ಬಂದವನು ಮನೆಯಲ್ಲೇ ಉಳಿದ.

ಮಂಚದಿಂದ ಹೊಸ್ತಿಲಿಗೆ ಒಂಬತ್ತು ಕಲ್ಲು. ರಾತ್ರಿಗೊಂದು ಸದ್ದು, ಬೆಳಗಾದರೆ ಬೂಟು ಒಂದು ಕಲ್ಲು ಮುಂದೆ. ಎರಡನೇ ರಾತ್ರಿಯೂ ಹಾಗೇ ಆಯಿತು. ಅಜ್ಜಿಯೂ ಗಂಗೋತ್ರಿಯೂ ಇದು ಇನ್ನೊಬ್ಬಳ ಚೇಷ್ಟೆ ಎಂದುಕೊಂಡು ನಕ್ಕು, ಬೂಟುಗಳನ್ನು ಇದ್ದಲ್ಲೇ ಬಿಟ್ಟರು. ಮೂರನೇ ರಾತ್ರಿ ಸ್ನೇಹಾ ಚೀಲಕ್ಕೆ ಎರಡು ಗಂಟು ಹಾಕಿ, ಗಂಗೋತ್ರಿಯ ಕರಿ ಟ್ರಂಕಿನಲ್ಲಿಟ್ಟು, ಬೀಗ ಹಾಕಿ, ಬೀಗದ ಕೈಯನ್ನು ತನ್ನ ತಲೆದಿಂಬಿನ ಕೆಳಗೆ ಇಟ್ಟುಕೊಂಡಳು. ಅವತ್ತು ಸದ್ದು ಬರಲಿಲ್ಲ. ಆದರೆ ಗಂಗೋತ್ರಿ ಬೆಳಗಿನ ತನಕ ಕಾಲು ಹಿಡಿದುಕೊಂಡು ನರಳಿದಳು. ಎಲುಬಿನೊಳಗೆ ಯಾರೋ ಉಳಿ ಇಟ್ಟು ಬಡಿದಂಗ ಆಗತೈತಿ ಎಂದಳು. ಅಜ್ಜಿ ಬಿಸಿ ಉಪ್ಪಿನ ಶಾಖ ಕೊಟ್ಟಳು, ಅಪ್ಪ ಪಾಳಿ ಬಿಟ್ಟು ಓಡಿ ಬಂದ. ಬೆಳಗ್ಗೆ ಸ್ನೇಹಾ ಬೀಗ ತೆಗೆದಳು. ಆ ರಾತ್ರಿ ಸದ್ದು ಎರಡು ಸಲ ಬಂತು. ಗಂಗೋತ್ರಿ ಮಗುವಿನ ಹಾಗೆ ಮಲಗಿದ್ದಳು, ಹೊದಿಕೆಯೊಳಗೆ ಅವಳ ಪಾದಗಳು ಮಾತ್ರ ಎಡ ಬಲ, ಎಡ ಬಲ ಅಲುಗುತ್ತಿದ್ದವು.

ಅದಾದ ಮೇಲೆ ಸ್ನೇಹಾ ಬೀಗದ ಗೊಡವೆಗೆ ಹೋಗಲಿಲ್ಲ.

ಐದನೇ ದಿನ ಡಾಕ್ಟರ್ ಮಲ್ಲಿಕಾರ್ಜುನ್ ಹೊಸ ಎಕ್ಸ್‌ರೇಯನ್ನು ಕಿಟಕಿಗೆ ಹಿಡಿದು, ಹಳೆಯದನ್ನು ಪಕ್ಕಕ್ಕೆ ಹಿಡಿದು, ಹೆಸರು ಓದಿ, ಮತ್ತೆ ಹೆಸರು ಓದಿದರು. "ಇದು ಅದೇ ಕಾಲೇನವ್ವ?"

"ಇರೋದು ಒಂದಾ ಎಡಗಾಲ್ರಿ ಸರ್," ಎಂದಳು ಗಂಗೋತ್ರಿ.

ಪ್ಲಾಸ್ಟರ್ ಕೊಯ್ದು ತೆಗೆದರು. ಒಂದು ತಿಂಗಳು ಕಟ್ಟಿಟ್ಟ ಕಾಲು ಸೊರಗಿರಬೇಕಿತ್ತು. ಇದು ಹಾಗಿರಲಿಲ್ಲ. ಮೀನಖಂಡ ಗಟ್ಟಿಯಾಗಿತ್ತು, ದಿನಾ ನಡೆದ ಕಾಲಿನ ಹಾಗೆ. ಗಂಗೋತ್ರಿ ಅಲ್ಲೇ ಎದ್ದು ನಿಂತು ಅಕ್ಕನನ್ನು ನೋಡಿದಳು. ಅವಳ ಕಣ್ಣಲ್ಲಿ ನೀರು ತುಂಬಿತ್ತು. ಸ್ನೇಹಾ ಮಾತ್ರ ಆ ಕಾಲನ್ನೇ ನೋಡುತ್ತ ರಾತ್ರಿಯ ಸದ್ದುಗಳನ್ನು ಎಣಿಸಿದಳು.

ಏಳನೇ ದಿನ ಗಂಗೋತ್ರಿ ಹಂಪಿಗೆ ಹೋಗೋಣ ಎಂದು ಹಟ ಹಿಡಿದಳು. ಅಕಾಡೆಮಿ ಸೇರುವ ಪರೀಕ್ಷೆಗೆ ತಯಾರಾಗುವಾಗ ಅವಳು ಹಂಪಿ ಬಜಾರಿನ ಉದ್ದಕ್ಕೂ ಓಡುತ್ತಿದ್ದವಳು. ಮಧ್ಯಾಹ್ನ ಮೂರರ ಬಿಸಿಲು, ಜನ ಕಡಿಮೆ. ಸ್ನೇಹಾ ಕಲ್ಲಿನ ಸಾಲುಮಂಟಪವೊಂದರ ನೆರಳಲ್ಲಿ ಕುಳಿತಳು. ಗಂಗೋತ್ರಿ ಗುಡಿಯ ಕಡೆಯಿಂದ ನಡೆದು ಬಂದಳು. ಆ ಕರಿ ಬೂಟುಗಳನ್ನೇ ಹಾಕಿದ್ದಳು. ಎದೆ ಸೆಟೆದಿತ್ತು, ಕೈ ಭುಜದ ತನಕ ಏಳುತ್ತಿತ್ತು. ಲಾಳದ ಸದ್ದು ಎರಡೂ ಕಡೆಯ ಕಂಬಸಾಲಿಗೆ ಬಡಿದು ತಿರುಗಿ ಬರುತ್ತಿತ್ತು.

"ನಿಮ್ಮ ತಂಗೇನ?" ಎಂದಳು ಬಾಳೆಹಣ್ಣಿನ ಬುಟ್ಟಿ ಇಟ್ಟುಕೊಂಡು ಕುಳಿತಿದ್ದ ದ್ಯಾಮಕ್ಕ. "ಮಸ್ತ್ ನಡೀತಾಳ. ಗಂಡಸಿನಂಗ."

ಸ್ನೇಹಾ ನಾಯಿಯನ್ನು ನೋಡುತ್ತಿದ್ದಳು. ದಾರಿಯ ನಡುವೆ ಮಲಗಿದ್ದ ಕಂದು ನಾಯಿಯೊಂದು ಗಂಗೋತ್ರಿ ಹತ್ತಿರ ಬಂದಾಗ ಸೋಮಾರಿಯಾಗಿ ಎದ್ದು ಪಕ್ಕಕ್ಕೆ ಸರಿಯಿತು. ಗಂಗೋತ್ರಿ ದಾಟಿ ಹೋದಳು. ನಾಯಿ ತನ್ನ ಜಾಗಕ್ಕೆ ಮರಳಲಿಲ್ಲ. ತಲೆ ತಗ್ಗಿಸಿ ಕಾಯಿತು. ಇನ್ನೂ ಒಬ್ಬರು ದಾಟುವಷ್ಟು ಹೊತ್ತು ಕಾದು, ದಾಟಿದ್ದನ್ನು ಕಣ್ಣಲ್ಲೇ ಹಿಂಬಾಲಿಸಿ, ಆಮೇಲೆ ಹಳೆಯ ಜಾಗದಲ್ಲಿ ಸುತ್ತು ತಿರುಗಿ ಮಲಗಿತು.

ಬಸ್ಸಿನಲ್ಲಿ ಮರಳುವಾಗ ಗಂಗೋತ್ರಿ ಹೇಳಿದಳು, "ಮನ್ಯಾಗ ಭಾಳ ಚಲೋ ನಿದ್ದಿ ಬರ್ತೈತಿ ಅಕ್ಕ. ಕನಸಿನಾಗ ಯಾರೋ ಹೆಜ್ಜಿ ಎಣಿಸ್ತಾರ. ಎಡ, ಬಲ. ಬೈಯೋದಿಲ್ಲ. ನನಗ ಹೇಳಿಕೊಟ್ಟ ಉಸ್ತಾದರಿಗಿಂತ ಒಳ್ಳೇವ್ರು."

"ಮುಖ ಕಾಣತೈತೇನ?"

"ಇಲ್ಲ. ಪಕ್ಕದಾಗ ಇರ್ತಾನ. ಪರೇಡಿನಾಗ ಪಕ್ಕಕ್ಕ ನೋಡಂಗಿಲ್ಲಲ್ಲ."

ಹೊರಡುವ ಹಿಂದಿನ ರಾತ್ರಿ ಸ್ನೇಹಾ ಮಲಗಲಿಲ್ಲ. ಚಾಪೆಯ ಮೇಲೆ ಗೋಡೆಗೆ ಒರಗಿ, ಮೊಬೈಲಿನ ಬೆಳಕನ್ನು ಸೆರಗಿನೊಳಗೆ ಮುಚ್ಚಿಟ್ಟು ಕುಳಿತಿದ್ದಳು. ಬೂಟುಗಳು ಎಂಟನೇ ಕಲ್ಲಿನ ಮೇಲಿದ್ದವು. ಆಯುಧ ಪೂಜೆಗೆಂದು ಅಪ್ಪ ಹೊಸ್ತಿಲಿಗೆ ಬಳಿದಿದ್ದ ಅರಿಶಿನ ಕತ್ತಲಲ್ಲೂ ತೆಳ್ಳಗೆ ಕಾಣುತ್ತಿತ್ತು, ಎಳೆದ ಗೆರೆಯ ಹಾಗೆ.

ಟಕ್.

ಅವಳು ಬೆಳಕು ತೆರೆದಳು. ಬೂಟುಗಳು ಒಂಬತ್ತನೇ ಕಲ್ಲಿನ ಮೇಲಿದ್ದವು. ಎಡಗಡೆಯದು ನೆಲಕ್ಕೆ ಊರಿತ್ತು. ಬಲಗಡೆಯದರ ಹಿಮ್ಮಡಿ ಮಾತ್ರ ಕಲ್ಲಿಗೆ ತಾಗಿತ್ತು, ಮೂತಿ ಎರಡು ಬೆರಳಷ್ಟು ಮೇಲೆದ್ದಿತ್ತು, ಹೊಸ್ತಿಲ ಕಡೆಗೆ. ಹಾಗೇ ನಿಂತಿತ್ತು. ಬೀಳಲೂ ಇಲ್ಲ, ಮುಂದೆ ಹೋಗಲೂ ಇಲ್ಲ. ಅಪ್ಪಣೆಗೆ ಕಾದ ಹಾಗೆ.

ಅವನಿಗೆ ಬೇಕಾದದ್ದು ಇಷ್ಟೇ ಎಂದು ಸ್ನೇಹಾಳಿಗೆ ತಿಳಿಯಿತು. ಅಗಳಿ ತೆಗೆದು, ಹೊಸ್ತಿಲಿಗೆ ಒಂದು ತಂಬಿಗೆ ನೀರು ಹಾಕಿ, ಈ ಬೂಟಿನವ್ರು ಹೋಗಿ ಬರ್ರಿ ಎಂದರೆ ಸಾಕು. ಇಷ್ಟು ವರ್ಷ ಕಾದವನು ದಾಟಿ ಹೋಗುತ್ತಾನೆ. ಯಾವನೋ ತಾಯಿಯ ಮಗ, ನೀರಡಿಸಿ ಸತ್ತವನು. ಅವಳು ಎದ್ದಳು. ಕೈ ಅಗಳಿಯ ತನಕ ಹೋಯಿತು.

ಮಂಚದ ಮೇಲೆ ಗಂಗೋತ್ರಿಯ ಬಲಪಾದ ಹೊದಿಕೆಯಿಂದ ಹೊರಗೆ ಬಂದು, ಗಾಳಿಯಲ್ಲಿ, ಬೂಟು ಎದ್ದಷ್ಟೇ ಎದ್ದು ನಿಂತಿತ್ತು.

ಅವನು ಹೋದರೆ ಆ ಕಾಲಿನ ಗತಿ ಏನು? ಬೀಗ ಹಾಕಿದ ರಾತ್ರಿಯ ನರಳಾಟ ಅವಳ ಕಿವಿಯಲ್ಲಿತ್ತು. ನಾಡಿದ್ದು ಬೋರ್ಡ್. ಅಷ್ಟು ಹೊತ್ತಿಗೆ ಎಲುಬು ಮತ್ತೆ ಬಿರಿದರೆ ಹುಡುಗಿ ಟ್ರಂಕು ಹೊತ್ತು ವಾಪಸ್ ಬರಬೇಕು. ಬಿರಿಯದೆಯೂ ಇರಬಹುದು. ಆದರೆ ಇರಬಹುದು ಎನ್ನುವ ಮಾತನ್ನು ನಂಬಿ ಒಂದು ಹೆಜ್ಜೆಯನ್ನೂ ಇಟ್ಟವಳಲ್ಲ ಸ್ನೇಹಾ.

ಅವಳು ಅಗಳಿಯಿಂದ ಕೈ ತೆಗೆದಳು. ಬೂಟುಗಳ ಮುಂದೆ ಮೊಣಕಾಲೂರಿ ಕುಳಿತಳು.

"ಇಲ್ಲಿ ಬ್ಯಾಡಪ್ಪ," ಎಂದಳು, ಉಸಿರಿನಷ್ಟೇ ದನಿಯಲ್ಲಿ. "ಇದು ಬರೀ ಕಂಪ್ಲಿ ಹೊಸ್ತಿಲು. ನಿನ್ನ ಗೆರೆ ಅಲ್ಲೈತಿ. ಆಕೀ ಜೊತಿ ಹೋಗು. ಆಕೀನ ದಾಟಸು, ನೀನೂ ದಾಟು."

ಬಹಳ ಹೊತ್ತು ಏನೂ ಆಗಲಿಲ್ಲ. ಆಮೇಲೆ ಬಲಗಡೆಯ ಬೂಟಿನ ಮೂತಿ ಮೆಲ್ಲಗೆ ಇಳಿಯಿತು. ಸದ್ದೂ ಮಾಡದೆ. ಅವಳು ಎರಡನ್ನೂ ಎತ್ತಿ, ಬಾಗಿಲಿಗೆ ಬೆನ್ನು ಮಾಡಿ ತಿರುಗಿಸಿ, ಚೀಲಕ್ಕೆ ಹಾಕಿದಳು. ಕೈ ಒಳಗೆ ತಾಗಿದಾಗ ತೊಗಲು ಬೆಚ್ಚಗಿತ್ತು, ಯಾರೋ ಈಗಷ್ಟೇ ಕಾಲು ತೆಗೆದ ಹಾಗೆ. ಟ್ರಂಕಿನ ತಳಕ್ಕೆ ಇಟ್ಟಳು. ಗಂಗೋತ್ರಿ ಮಗ್ಗುಲು ಬದಲಿಸಿದಳು. ನರಳಲಿಲ್ಲ.

ಮಾರನೇ ದಿನ ಹೊಸಪೇಟೆ ಸ್ಟೇಷನ್ನಿಗೆ ಅಪ್ಪನೂ ಬಂದ. ಗಂಗೋತ್ರಿ ಚಿಕ್ಕಂದಿನಿಂದ ಮೆಟ್ಟಿಲು ಹತ್ತುವಾಗ ಬಲಗಾಲು ಮುಂದಿಡುವವಳು, ಅಜ್ಜಿ ಹಾಗೆ ರೂಢಿ ಮಾಡಿಸಿದ್ದಳು. ಅವತ್ತು ರೈಲಿನ ಮೆಟ್ಟಿಲಿಗೆ ಎಡಗಾಲು ಇಟ್ಟಳು. ಹತ್ತಿ, ಬಾಗಿಲಲ್ಲಿ ಒಂದು ಕ್ಷಣ ಪಕ್ಕಕ್ಕೆ ಸರಿದು ನಿಂತಳು, ಹಿಂದಿನವರಿಗೆ ದಾರಿ ಬಿಟ್ಟ ಹಾಗೆ. ಹಿಂದೆ ಯಾರೂ ಇರಲಿಲ್ಲ. "ಮಿಲಿಟ್ರಿಯವ್ರ ಶಿಸ್ತಾ ಬ್ಯಾರೆ," ಎಂದ ಅಂಜಿನಯ್ಯ ಹೆಮ್ಮೆಯಿಂದ.

ಎರಡು ದಿನದ ಮೇಲೆ ಫೋನ್ ಬಂತು. ಬೋರ್ಡ್ ಪಾಸು. ಅಪ್ಪ ಓಣಿಗೆಲ್ಲ ಕೇಳುವ ಹಾಗೆ ಹೇಳಿದ, ಅಜ್ಜಿ ದೇವರಿಗೆ ಸಕ್ಕರೆ ಇಟ್ಟಳು. ಕೊನೆಗೆ ಫೋನು ಸ್ನೇಹಾಳ ಕೈಗೆ ಬಂತು.

"ಅಕ್ಕ, ಒಂದು ಮಜಾ ಗೊತ್ತೇನ," ಎಂದಳು ಗಂಗೋತ್ರಿ. ದನಿ ಸ್ವಲ್ಪ ಒರಟಾಗಿತ್ತು, ನೆಗಡಿಯೋ ಏನೋ. "ಬೂಟಿನೊಳಗ ನನ್ನ ನಂಬರ್ ಪೂರ್ತಿ ಮಾಸೈತಿ. ಮ್ಯಾಲಿಂದು, ಆ ಹಳೇದು, ನಿನ್ನೆ ಬರದಂಗ ಐತಿ. ಹೆಂಗದು?"

ಸ್ನೇಹಾ ಹೊಸ್ತಿಲ ಮೇಲೆ ಒಣಗಿ ಬಿರುಕು ಬಿಟ್ಟಿದ್ದ ಅರಿಶಿನವನ್ನು ನೋಡುತ್ತ ನಿಂತಿದ್ದಳು. ಒಳಗೆ ಅಜ್ಜಿ, ತಾತನ ಕೆಂಪು ಬೂಟುಗಳನ್ನು ಮುಂದಿನ ವರ್ಷಕ್ಕೆಂದು ಚೀಲಕ್ಕೆ ತುಂಬುತ್ತಿದ್ದಳು.

"ಬೆವರಿಗೆ ಮಾಸಿರ್ತೈತಿ," ಎಂದಳು ಸ್ನೇಹಾ. "ಇನ್ನೊಂದ್ಸಲ ಬರಕೋ. ದಿನಾ ನೋಡಿ ಬರಕೋ, ಗಂಗಿ. ಮರೀಬ್ಯಾಡ."

ಫೋನಿಟ್ಟ ಮೇಲೆ ಅಪ್ಪ ಏನಂದಳು ಎಂದು ಕೇಳಿದ. ಅಜ್ಜಿಯೂ ತಲೆ ಎತ್ತಿದಳು. ಹೇಳಿದರೆ ಬೂಟು ಬದಲಾದದ್ದು ಹೇಳಬೇಕು, ಬೀಳ್ಕೊಡದೆ ಉಳಿಸಿಕೊಂಡದ್ದು ಹೇಳಬೇಕು, ತಂಗಿಯ ಜೊತೆ ಮಾಡಿ ಕಳಿಸಿದ್ದನ್ನೂ ಹೇಳಬೇಕು. ಹೇಳಿದರೆ ಅವರು ಹುಡುಗಿಯನ್ನು ವಾಪಸ್ ಕರೆಸುತ್ತಾರೆ.

"ಚಲೋ ಅದಾಳಂತ," ಎಂದಳು ಸ್ನೇಹಾ. ಗಂಗೋತ್ರಿ ಗೆರೆ ದಾಟುವ ದಿನದ ತನಕ, ದಾಟಿದ ಮೇಲೂ, ಇದನ್ನು ಯಾರ ಮುಂದೆಯೂ ಬಾಯಿ ಬಿಡುವುದಿಲ್ಲ ಎಂದು ನಿಶ್ಚಯಿಸಿಕೊಂಡು, ಒದ್ದೆ ಬಟ್ಟೆ ತಂದು ಪಡಸಾಲೆಯ ಒಂಬತ್ತು ಕಲ್ಲುಗಳನ್ನೂ ಒಂದೊಂದಾಗಿ ಒರೆಸತೊಡಗಿದಳು.